ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಸಾಹಿತ್ಯದ ಓದು ಮತ್ತು ಬರವಣಿಗೆ: ಮಾನ್ವಿಯ ವಿದ್ಯಾರ್ಥಿಯನ್ನು ಕುರಿತು ಒಂದು ವಿವೇಚನೆ

ಪದವಿ ತರಗತಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಮುಂದೆ ಇಂಗ್ಲಿಷಿನ ಒಂದು ಸಣ್ಣಕಥೆಯನ್ನಿಟ್ಟು, ಓದಿ ತೋಚಿದ್ದನ್ನು ಒಂದು ಪುಟದಷ್ಟು ಬರೆಯಿರೆಂದು ಹೇಳಿದಾಗ ಉಂಟಾಗುವ ಮೌನವನ್ನು ಈ ಭಾಗದ ಕಾಲೇಜು ಅಧ್ಯಾಪಕರು ಬಲ್ಲರು. ಅದೇ ವಿದ್ಯಾರ್ಥಿಗಳನ್ನು ಹತ್ತನೆಯ ತರಗತಿಯಲ್ಲಿ ಓದಿದ ಪಾಠವೊಂದರ ಮೇಲೆ ಪ್ರಶ್ನಿಸಿದರೆ, ಉತ್ತರವು ಅಲ್ಪವಿರಾಮವೂ ತಪ್ಪದಂತೆ ಹೊರಬರುತ್ತದೆ. ಲೇಖಕರು ವಿಷಯವನ್ನು ಬಹು ಸುಂದರವಾಗಿ ವರ್ಣಿಸಿದ್ದಾರೆಂಬ ಪ್ರಶಂಸೆಯಿಂದ ಅದು ಮೊದಲಾಗುತ್ತದೆ, ಈ ಪಾಠದಿಂದ ನಾವು ಕಲಿಯತಕ್ಕ ನೀತಿಯಿಂದ ಮುಗಿಯುತ್ತದೆ. ಸುಂದರವಾದದ್ದು ಯಾವುದು, ಎಲ್ಲಿ, ಏತಕ್ಕೆ ಎಂದು ಮರುಪ್ರಶ್ನೆ ಹಾಕಿದೊಡನೆ ಮತ್ತೆ ಅದೇ ಮೌನ. ಉತ್ತರ ವಿದ್ಯಾರ್ಥಿಯದಲ್ಲ, ಗೈಡಿನದು ಎಂಬುದು ಆಗ ಸ್ಪಷ್ಟವಾಗುತ್ತದೆ.

ಇದನ್ನು ಇಂಗ್ಲಿಷ್ ಭಾಷೆಯ ಕೊರತೆಯೆಂದು ಹೇಳಿ ಕೈತೊಳೆದುಕೊಳ್ಳುವುದು ವಾಡಿಕೆ. ಭಾಷೆಯ ಕೊರತೆ ಇರುವುದು ನಿಜ. ಆದರೆ ಅದೊಂದೇ ಕಾರಣವಾಗಿದ್ದರೆ ಆ ವಿದ್ಯಾರ್ಥಿ ಕನ್ನಡದಲ್ಲಾದರೂ ಬಾಯಿಬಿಡಬೇಕಾಗಿತ್ತು. ಕನ್ನಡದಲ್ಲಿ ಹೇಳೆಂದರೂ ಅನೇಕರು ಹಿಂಜರಿಯುತ್ತಾರೆ. ಇಂಗ್ಲಿಷಿನ ಕಥೆಯೊಂದನ್ನು ಕುರಿತು ತೀರ್ಮಾನ ಹೇಳುವ ಅಧಿಕಾರ ತಮಗೆ ಉಂಟೆಂಬುದನ್ನೇ ಅವರು ನಂಬಿರುವುದಿಲ್ಲ. ಈ ನಂಬಿಕೆಯನ್ನು ಪ್ರೌಢಶಾಲೆಯಲ್ಲಿಯೇ, ಅದೂ ವಿದ್ಯಾರ್ಥಿಯ ಮನೆಮಾತಿನ ಮೂಲಕ, ಹುಟ್ಟಿಸಬಹುದೆಂಬುದು ನಮ್ಮ ಪ್ರತಿಪಾದನೆ. ರಾಯಚೂರು ಜಿಲ್ಲೆಯ ಮಾನ್ವಿಯ ವಿದ್ಯಾರ್ಥಿಯನ್ನು ಕಣ್ಣಮುಂದಿಟ್ಟುಕೊಂಡು, ಅಲ್ಲಿ ಓದಿಸಲಾಗಿರುವ ಪಾಠಗಳನ್ನೇ ಉದಾಹರಿಸಿ, ಈ ಓದು ಬರಹಗಳ ಕ್ರಮವನ್ನು ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಈ ಪ್ರಾಂತದ ವಿದ್ಯಾಭ್ಯಾಸದ ಚರಿತ್ರೆಯನ್ನು ತುಸು ಸ್ಮರಿಸುವುದು ಅವಶ್ಯ. 1948ರ ಸೆಪ್ಟೆಂಬರಿನವರೆಗೆ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಮಾಧ್ಯಮ ಉರ್ದು. ಇಂಗ್ಲಿಷನ್ನು ಅಲ್ಲಿ ಕಡ್ಡಾಯವಾಗಿ ಕಲಿಯಬೇಕಾಗಿತ್ತು. ಹೀಗಾಗಿ ಕನ್ನಡ ಮನೆಮಾತಿನ ಬಾಲಕನು ಉನ್ನತ ವ್ಯಾಸಂಗಕ್ಕೆ ಹೋಗಬೇಕಾದರೆ ಉರ್ದುವಿನ ಹೊಸ್ತಿಲನ್ನು ದಾಟಿ ಇಂಗ್ಲಿಷನ್ನು ಮುಟ್ಟಬೇಕಾಗಿತ್ತು. ಅವನ ಮನೆಯ ಭಾಷೆಗೆ ಈ ದಾರಿಯಲ್ಲಿ ಎಲ್ಲಿಯೂ ತಂಗುದಾಣವಿರಲಿಲ್ಲ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆಯಂಥ ಪ್ರಯತ್ನಗಳು ಈ ಕಾರಣದಿಂದಲೇ ಜನರ ನೆನಪಿನಲ್ಲಿ ಉಳಿದಿವೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡಕ್ಕೆ ಶಾಲೆಯಲ್ಲಿ ಅದರ ಸ್ಥಾನ ದೊರೆಯಿತು. ಆದರೆ ಇಂಗ್ಲಿಷನ್ನು ಮನೆಮಾತಿನಿಂದ ದೂರವಿಟ್ಟು ಕಲಿಯಬೇಕೆಂಬ ಹಳೆಯ ಅಭ್ಯಾಸ ಹೋಗಲಿಲ್ಲ. ಮಾನ್ವಿಯ ಒಂದು ತರಗತಿಯಲ್ಲಿ ಇಂದು ಕನ್ನಡದ ಮಕ್ಕಳ ಪಕ್ಕದಲ್ಲಿ ಉರ್ದು ಮನೆಮಾತಿನವರೂ, ತುಂಗಭದ್ರಾ ಕಾಲುವೆ ಬಂದ ಮೇಲೆ ನೆಲೆಸಿದ ಕ್ಯಾಂಪುಗಳಿಂದ ಬರುವ ತೆಲುಗು ಮನೆಮಾತಿನವರೂ ಕುಳಿತಿರಬಹುದು. ನಾವು ಕನ್ನಡವನ್ನು ಕುರಿತು ಹೇಳುವ ಮಾತನ್ನು ಆ ಭಾಷೆಗಳಿಗೂ ಅನ್ವಯಿಸಿಕೊಳ್ಳಬಹುದು.

ಓದಿದ್ದನ್ನು ವಿವರಿಸುವ ಕಲೆ ಈ ಊರಿಗೆ ಹೊಸತೂ ಅಲ್ಲ. ಮಾನ್ವಿ ಜಗನ್ನಾಥದಾಸರ ಊರು. ಭಾಮಿನೀ ಷಟ್ಪದಿಯಲ್ಲಿರುವ ಅವರ ಹರಿಕಥಾಮೃತಸಾರಕ್ಕೆ ಅನೇಕ ವ್ಯಾಖ್ಯಾನಗಳು ಹುಟ್ಟಿವೆ. ಇಂದಿಗೂ ಅದನ್ನು ಪಾರಾಯಣ ಮಾಡುವವರೂ ಅರ್ಥ ಹೇಳುವವರೂ ಇದ್ದಾರೆ. ಪದವಿಭಾಗ, ಪ್ರತಿಪದಾರ್ಥ, ಅನ್ವಯ, ತಾತ್ಪರ್ಯ ಎಂಬ ಮೆಟ್ಟಿಲುಗಳು ನಮ್ಮ ಟೀಕಾಸಂಪ್ರದಾಯದಲ್ಲಿ ಇವೆಯಷ್ಟೆ. ಈ ಕ್ರಮದಲ್ಲಿ ತಾತ್ಪರ್ಯವು ಕೊನೆಯ ಮೆಟ್ಟಿಲು. ಗೈಡು ಮಾಡುವುದೇನೆಂದರೆ, ಮೊದಲಿನ ಮೂರನ್ನೂ ಕಿತ್ತುಹಾಕಿ ನಾಲ್ಕನೆಯದನ್ನು ಮಾತ್ರ ಮಗುವಿನ ಕೈಗೆ ಕೊಡುವುದು. ಇಂಗ್ಲಿಷ್ ಪಾಠದ ಸಂಬಂಧದಲ್ಲಿ ಅಜ್ಜಂದಿರ ಪುರಾಣವಾಚನವು ಗೈಡಿಗಿಂತ ಎಷ್ಟೋ ಆಧುನಿಕವಾಗಿತ್ತೆಂದು ನಮಗೆ ಒಮ್ಮೊಮ್ಮೆ ಅನಿಸುವುದುಂಟು.

ಇನ್ನು ಪ್ರಸ್ತುತ ವ್ಯವಸ್ಥೆಯನ್ನು ನೋಡೋಣ. ಕನ್ನಡ ಮಾಧ್ಯಮದ ಬಹುಮಂದಿ ವಿದ್ಯಾರ್ಥಿಗಳಿಗೆ ಇಂಗ್ಲಿಷು ದ್ವಿತೀಯ ಭಾಷೆ. ಎಸ್.ಎಸ್.ಎಲ್.ಸಿ.ಯಲ್ಲಿ ಅದಕ್ಕೆ ನಿಗದಿಯಾದ 100 ಅಂಕಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಈ 20 ಅಂಕ ವರ್ಷದುದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಿಂದ, ಅಂದರೆ ಶಾಲೆಗಳಲ್ಲಿ 'ಎಫ್.ಎ.' ಎಂದು ಕರೆಯುವ ಪರೀಕ್ಷೆ ಚಟುವಟಿಕೆಗಳಿಂದ, ಬರತಕ್ಕದ್ದು. ಮಗು ನಿಧಾನವಾಗಿ ಓದಿ, ಯೋಚಿಸಿ, ತಿದ್ದಿ ಬರೆಯಲು ಅವಕಾಶವಿರುವುದು ಇಲ್ಲಿ ಮಾತ್ರ. ಮೂರು ಗಂಟೆಯ ಪರೀಕ್ಷೆಯಲ್ಲಿ ಆ ಬಿಡುವಿಲ್ಲ. ಆದರೆ ಅನೇಕ ಕಡೆ ಈ ಚಟುವಟಿಕೆಯು ಬಣ್ಣದ ಹಾಳೆಯ ಮೇಲೆ ಕವಿಯ ಚಿತ್ರ ಅಂಟಿಸಿ, ಕೆಳಗೆ ಜನನ ಮರಣ ಕೃತಿಗಳ ಪಟ್ಟಿಯನ್ನು ಮುದ್ದಾಗಿ ನಕಲು ಮಾಡುವುದರಲ್ಲಿ ಮುಗಿಯುತ್ತದೆ. ಅಂಗಡಿಯವನಿಗೆ ಕವಿಯ ಚಿತ್ರ ಮಾರಾಟವಾಯಿತು, ಮಗುವಿಗೆ ಅಂಕ ಬಂತು, ಪದ್ಯ ಮಾತ್ರ ಓದದೆ ಉಳಿಯಿತು.

ಈ ತೊಡಕು ನಮ್ಮದಷ್ಟೇ ಅಲ್ಲ. ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ 1980ರ ದಶಕದ ಉತ್ತರಾರ್ಧದಿಂದ ಜಿ.ಸಿ.ಎಸ್.ಇ. ಪರೀಕ್ಷೆಯ ಅಂಗವಾಗಿ ವಿದ್ಯಾರ್ಥಿಗಳು ಮನೆಯಲ್ಲಿಯೂ ತರಗತಿಯಲ್ಲಿಯೂ ಬಿಡುವಾಗಿ ಬರೆದ ಸಾಹಿತ್ಯಪ್ರಬಂಧಗಳಿಗೆ ಅಂಕ ಕೊಡುವ ಪದ್ಧತಿ ಬಂದಿತು. ಬರೆದವರು ಮಕ್ಕಳೋ ತಾಯಿತಂದೆಗಳೋ ಎಂಬ ಸಂಶಯ ಬಲವಾಗಿ, ಅಂತರ್ಜಾಲ ಬಂದ ಮೇಲೆ ಅದು ಇಮ್ಮಡಿಸಿ, ಮೊದಲು ಶಾಲೆಯಲ್ಲಿಯೇ ಮೇಲ್ವಿಚಾರಣೆಯಲ್ಲಿ ಬರೆಯಿಸುವ ಕ್ರಮ ಬಂತು. 2015ರಿಂದ ಬೋಧನೆಗೆ ಬಂದ ಹೊಸ ಕ್ರಮದಲ್ಲಿ ಸಾಹಿತ್ಯಕ್ಕೆ ಲಿಖಿತ ಪರೀಕ್ಷೆಯೊಂದೇ ಉಳಿಯಿತು. ಇಂಗ್ಲಿಷು ಹುಟ್ಟಿದ ನಾಡಿನಲ್ಲಿಯೇ ನಕಲಿನ ಭಯದಿಂದ ಆ ಬರವಣಿಗೆಯನ್ನು ಕೈಬಿಡಬೇಕಾಯಿತೆಂದ ಮೇಲೆ, ಮಾನ್ವಿಯ ಉಪಾಧ್ಯಾಯರನ್ನು ದೂರುವುದು ನ್ಯಾಯವಲ್ಲ. ಈಗಂತೂ ಕೈಯಲ್ಲಿರುವ ಮೊಬೈಲನ್ನು ಕೇಳಿದರೆ ಪೂರ್ಣ ಪ್ರಬಂಧವೇ ಸಿದ್ಧವಾಗಿ ಬರುತ್ತದೆ. ನಕಲು ಮಾಡಲಾಗದ ಪ್ರಶ್ನೆಯನ್ನು ಕೇಳುವುದೊಂದೇ ಉಳಿದಿರುವ ದಾರಿ. ಅಂಥ ಪ್ರಶ್ನೆಗಳು ಪಾಠದಲ್ಲಿಯೇ ಇವೆ, ಹುಡುಕಿಕೊಳ್ಳಬೇಕು.

ಹತ್ತನೆಯ ತರಗತಿಯ ದ್ವಿತೀಯ ಭಾಷೆಯ ಪುಸ್ತಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಓದಿಸಲಾಗಿರುವ ಆರ್. ಕೆ. ನಾರಾಯಣರ 'ಎ ಹೀರೋ' ಎಂಬ ಕಥೆಯನ್ನು ತೆಗೆದುಕೊಳ್ಳೋಣ. ಹುಲಿಯನ್ನು ಎದುರಿಸಿದ ಹಳ್ಳಿಯ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಧೈರ್ಯವೊಂದಿದ್ದರೆ ಸಾಕೆಂದು ವಾದಿಸಿ, ಅಜ್ಜಿಯ ಮಗ್ಗುಲಲ್ಲಿ ಮಲಗುವ ಸ್ವಾಮಿಯನ್ನು ಒಂದು ರಾತ್ರಿ ತನ್ನ ಕಚೇರಿ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾನೆ. ಹುಡುಗ ಹೆದರಿ ಬೆಂಚಿನ ಕೆಳಗೆ ತೂರಿಕೊಳ್ಳುತ್ತಾನೆ. ಕತ್ತಲೆಯಲ್ಲಿ ಏನೋ ಚಲಿಸಿದ್ದನ್ನು ಕಂಡು, ದೆವ್ವವೇ ಬಂತೆಂದು ಬಗೆದು, ಅದನ್ನು ತಬ್ಬಿ ಹಲ್ಲು ನೆಡುತ್ತಾನೆ. ಸಿಕ್ಕಿಬಿದ್ದವನು ಕಳ್ಳ. ಮರುದಿನ ಊರೆಲ್ಲ ಹೊಗಳುತ್ತದೆ, ಪೊಲೀಸರು ತಮ್ಮ ಪಡೆಗೆ ಸೇರೆನ್ನುತ್ತಾರೆ. ಅವನಿಗೋ ರೈಲಿನ ಇಂಜಿನ್ ಓಡಿಸುವ, ಬಸ್ಸಿನ ಕಂಡಕ್ಟರನಾಗುವ ಆಸೆ. ಅಂದಿನ ರಾತ್ರಿ ತಂದೆ ಬಂದು ನೋಡುವ ವೇಳೆಗೆ ಹುಡುಗ ಮತ್ತೆ ಅಜ್ಜಿಯ ಪಕ್ಕದಲ್ಲಿ ನಿದ್ರೆಹೋಗಿದ್ದಾನೆ.

'ಸ್ವಾಮಿಯ ಧೈರ್ಯವನ್ನು ವರ್ಣಿಸಿ' ಎಂಬುದು ಗೈಡಿನ ಪ್ರಶ್ನೆ. ಇದರಲ್ಲಿ ಉತ್ತರ ಆಗಲೇ ಅಡಗಿದೆ: ಸ್ವಾಮಿ ಧೈರ್ಯಶಾಲಿ ಎಂದು ಪ್ರಶ್ನೆ ಕೇಳಿದವರೇ ತೀರ್ಪುಕೊಟ್ಟಾಯಿತು. 'ಸ್ವಾಮಿ ಕಚ್ಚಿದ್ದು ಧೈರ್ಯದಿಂದಲೋ ಭಯದಿಂದಲೋ?' ಎಂದು ಕೇಳಿದರೆ ತರಗತಿ ಎರಡಾಗುತ್ತದೆ. ಭಯದಿಂದ ಎನ್ನುವವರು ಬೆಂಚಿನ ಕೆಳಗಿನ ಅಡಗುವಿಕೆಯನ್ನು ತೋರಿಸಬೇಕು. ಧೈರ್ಯವೆನ್ನುವವರು, ಭಯಪಟ್ಟವನು ಓಡಿಹೋಗದೆ ಮುಂದೆ ನುಗ್ಗಿದ್ದನ್ನು ತೋರಿಸಬೇಕು. ಇಬ್ಬರೂ ಪುಸ್ತಕಕ್ಕೆ ಹಿಂದಿರುಗಲೇಬೇಕು. ಸಾಹಿತ್ಯದ ಓದಿನಲ್ಲಿ ಆಧಾರವೆಂಬುದು ಇದೇ. ಅಂಥ ಆಧಾರವನ್ನು ಹುಡುಕುತ್ತ ಹೋದವನಿಗೆ ಇನ್ನೊಂದು ಪ್ರಶ್ನೆ ತಾನಾಗಿ ಎದುರಾಗುತ್ತದೆ: ಹಾಗಾದರೆ ಕಥೆಗೆ ಆ ಹೆಸರನ್ನು ಇಟ್ಟವರು ಸ್ವಾಮಿಯನ್ನು ಹೊಗಳುತ್ತಿದ್ದಾರೆಯೇ, ಅಥವಾ ಹೊಗಳಿದ ಊರನ್ನು ನೋಡಿ ಮೆಲ್ಲಗೆ ನಗುತ್ತಿದ್ದಾರೆಯೇ? ಇದು ವ್ಯಂಗ್ಯದ ಪಾಠ. ವ್ಯಂಗ್ಯವೆಂಬ ಪದವನ್ನು ಉಪಾಧ್ಯಾಯರು ಮೊದಲೇ ಉಚ್ಚರಿಸದಿರುವುದು ಮೇಲು. ಪದವನ್ನು ಕೊಟ್ಟರೆ ಮಕ್ಕಳು ಪದವನ್ನೇ ಬರೆಯುತ್ತಾರೆ.

ಇಲ್ಲಿ ಮಾನ್ವಿಯ ಹುಡುಗನ ಕೈಯಲ್ಲಿ ಗೈಡು ಬರೆದವನಿಗಿಲ್ಲದ ಒಂದು ಸಾಮಗ್ರಿ ಇದೆ. ಈ ಪ್ರಾಂತದ ಎಷ್ಟೋ ಊರುಗಳ ಹೊರವಲಯದಲ್ಲಿ, ಗುಡಿಯ ಬಳಿಯಲ್ಲಿ, ವೀರಗಲ್ಲುಗಳು ನಿಂತಿವೆ. ತುರುಗಳನ್ನು ಬಿಡಿಸಲು, ಊರನ್ನು ಉಳಿಸಲು ಹೋರಾಡಿ ಸತ್ತವನು ಆ ಕಲ್ಲಿನ ವೀರ. ಸಾವು ಅವನ ವೀರತನದ ಮುದ್ರೆ. ಸ್ವಾಮಿ ಬದುಕಿದ್ದಾನೆ, ಅವನು ಮಾಡಿದ್ದು ಆಕಸ್ಮಿಕ, ಮರುದಿನವೇ ಅದನ್ನು ಮರೆತು ಮಲಗಿದ್ದಾನೆ. 'ನಮ್ಮೂರ ವೀರಗಲ್ಲಿನ ವೀರನಿಗೂ ನಾರಾಯಣರ ಕಥೆಯ ವೀರನಿಗೂ ಇರುವ ವ್ಯತ್ಯಾಸವೇನು?' ಎಂಬ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿರುವುದಿಲ್ಲ. ಹುಡುಗಿಯೊಬ್ಬಳು ಸಂಜೆ ಕಲ್ಲಿನ ಮುಂದೆ ನಿಂತು, ಅದರ ಪಟ್ಟಿಕೆಗಳಲ್ಲಿ ಏನು ಕೆತ್ತಿದೆಯೆಂದು ನೋಡಿ, ಅಜ್ಜನನ್ನು ಕೇಳಿ ಬರಬೇಕು. ಆದರೆ ಎಚ್ಚರವೊಂದುಂಟು. ಹೋಲಿಕೆ ಕಥೆಗೆ ಮರಳಿ ಬರಬೇಕು. ವೀರಗಲ್ಲಿನ ವರ್ಣನೆಯೇ ಎರಡು ಪುಟವಾಗಿ, ಸ್ವಾಮಿ ಕೊನೆಯ ಸಾಲಿಗೆ ಬಂದು ನಿಂತರೆ, ಅದು ಒಳ್ಳೆಯ ಲೇಖನವಾಗಿದ್ದರೂ ಈ ಕಥೆಯ ಮೇಲಿನ ಲೇಖನವಾಗಲಾರದು.

ಪದ್ಯಕ್ಕೆ ಬಂದರೆ ಕೆಲಸ ಇನ್ನೂ ಸೂಕ್ಷ್ಮ. ಅದೇ ಪುಸ್ತಕದಲ್ಲಿರುವ 'ಐ ಆ್ಯಮ್ ದಿ ಲ್ಯಾಂಡ್' ಎಂಬ ಕವನದಲ್ಲಿ ಭೂಮಿಯೇ ಮಾತನಾಡುತ್ತದೆ. ತನ್ನನ್ನು ಕೊಳ್ಳುವವರು, ತನ್ನದೆನ್ನುವವರು, ಬೇಲಿ ಹಾಕುವವರು ಬಂದುಹೋಗುತ್ತಾರೆ. ತಾನು ಕಾಯುವೆನೆಂಬ ಮಾತನ್ನು ಅದು ಮತ್ತೆ ಮತ್ತೆ ಹೇಳುತ್ತದೆ. ಪುನರಾವೃತ್ತಿಯಿಂದ ಪದ್ಯಕ್ಕೆ ಸೊಗಸು ಬಂದಿದೆಯೆಂದು ಗೈಡು ಹೇಳಿ ಮುಗಿಸುತ್ತದೆ. ವಿದ್ಯಾರ್ಥಿ ಮಾಡಬೇಕಾದದ್ದು ಆ ಮಾತು ಬಂದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು, ಪ್ರತಿಸಲವೂ ಅದರ ಹಿಂದುಮುಂದಿನ ಸಾಲು ಯಾವುದೆಂದು ನೋಡುವುದು. ಮೊದಲಲ್ಲಿ ತಾಳ್ಮೆಯಂತೆ ಕೇಳುವ ಮಾತು, ಬೇಲಿ ಬಂದ ಮೇಲೆ ಎಚ್ಚರಿಕೆಯಂತೆ ಕೇಳುತ್ತದೆ. ಪದ ಬದಲಾಗಲಿಲ್ಲ, ಪದದ ಸುತ್ತಲಿನದು ಬದಲಾಯಿತು. ಧ್ವನಿಯೆಂದು ನಮ್ಮ ಅಲಂಕಾರಿಕರು ಕರೆದ ವ್ಯಾಪಾರ ಇದಕ್ಕೆ ಬಹಳ ದೂರದ್ದಲ್ಲ.

ಈ ಪದ್ಯವನ್ನು ಕನ್ನಡಕ್ಕೆ ತಂದು ಯೋಚಿಸುವಾಗ ಒಂದು ಕುತೂಹಲಕರ ಸಂಗತಿ ಎದುರಾಗುತ್ತದೆ. ಕನ್ನಡದ 'ಕಾಯು' ಎಂಬ ಧಾತುವಿಗೆ ನಿರೀಕ್ಷಿಸು ಎಂಬ ಅರ್ಥವೂ ಉಂಟು, ರಕ್ಷಿಸು ಎಂಬ ಅರ್ಥವೂ ಉಂಟು: ಬಸ್ಸಿಗಾಗಿ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಇಂಗ್ಲಿಷಿನ ಮೂಲಪದಕ್ಕೆ ಎರಡನೆಯ ಅರ್ಥವಿಲ್ಲ. ಕನ್ನಡದಲ್ಲಿ ಯೋಚಿಸಿದ ವಿದ್ಯಾರ್ಥಿ 'ಭೂಮಿ ನಮ್ಮನ್ನು ಕಾಪಾಡುತ್ತದೆ' ಎಂದು ಬರೆದರೆ ಅದು ತಪ್ಪು; ಮನೆಮಾತಿನ ಮೂಲಕ ಓದುವ ಕ್ರಮದಲ್ಲಿ ಇಂಥ ಅಪಾಯವಿದೆಯೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಉಪಾಧ್ಯಾಯರು ಆ ತಪ್ಪನ್ನು ಕೆಂಪು ಗೆರೆಯಿಂದ ಕೊಲ್ಲದೆ ಕಪ್ಪುಹಲಗೆಯ ಮೇಲೆ ಬರೆದು, ಎರಡು ಅರ್ಥಗಳನ್ನೂ ಬಿಡಿಸಿ ತೋರಿಸಿದರೆ, ಮೂಲಪದದ ಸ್ವರೂಪ ತರಗತಿಗೆ ಸ್ಪಷ್ಟವಾಗುವಷ್ಟು ನಿಘಂಟಿನಿಂದಲೂ ಆಗದು. ಮಾನ್ವಿ ಸಿರವಾರಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಸೀಮೆ. ಮೇಲುಭಾಗದವರ ಗದ್ದೆ ತುಂಬಿ ಕೊನೆಯವರಿಗೆ ನೀರು ಮುಟ್ಟುವವರೆಗೆ ಕಾಯುವುದೆಂದರೇನೆಂದು ಈ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪದ್ಯದಲ್ಲಿ ಕಾಯುವುದು ಮನುಷ್ಯನಲ್ಲ, ಭೂಮಿ. ಈ ತಿರುವನ್ನು ತನ್ನ ಅನುಭವದ ಎದುರಿಗಿಟ್ಟು ನೋಡಿದ ಮಗು ಅರ್ಧ ಪುಟ ಬರೆದರೂ ಅದು ಅದರ ಸ್ವಂತದ್ದಾಗಿರುತ್ತದೆ.

ಷೇಕ್ಸ್‌ಪಿಯರನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ವಕೀಲನ ವೇಷ ತೊಟ್ಟ ಪೋರ್ಷಿಯ ನ್ಯಾಯಸಭೆಯಲ್ಲಿ ಆಡುವ ಮಾತುಗಳೂ ಅದೇ ಪುಸ್ತಕದಲ್ಲಿವೆ. ಅವಳು ಕೇಳುವ ಗುಣಕ್ಕೆ ಕನ್ನಡದಲ್ಲಿ ಯಾವ ಪದವನ್ನು ಇಡಬೇಕು? ದಯೆಯೇ, ಕರುಣೆಯೇ, ಕ್ಷಮೆಯೇ? ವಚನಗಳನ್ನು ಕೇಳಿ ಬೆಳೆದ ಮಕ್ಕಳು ತಟ್ಟನೆ ದಯೆ ಎನ್ನುತ್ತಾರೆ. ಆದರೆ ದಯೆಯನ್ನು ಬಡವನೂ ತೋರಬಹುದು, ಇರುವೆಗೂ ತೋರಬಹುದು. ಪೋರ್ಷಿಯ ಹೇಳುವುದು ಶಿಕ್ಷಿಸಲು ಅಧಿಕಾರವುಳ್ಳವನು ಆ ಅಧಿಕಾರವನ್ನು ಬಿಟ್ಟುಕೊಡುವುದನ್ನು; ರಾಜದಂಡದ ಮಾತು ಅಲ್ಲಿ ಬರುವುದು ಸುಮ್ಮನೆ ಅಲ್ಲ. ಮೂರು ಕನ್ನಡ ಪದಗಳಲ್ಲಿ ಒಂದನ್ನು ಆರಿಸಿ, ಉಳಿದೆರಡು ಏಕೆ ಸಲ್ಲವೆಂದು ಹತ್ತು ಸಾಲಿನಲ್ಲಿ ಬರೆಯುವುದು ಒಂದು ಪೂರ್ಣ ಚಟುವಟಿಕೆಯೇ ಆಗಬಲ್ಲುದು. ಚುರುಕಾದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತನ್ನೂ ಹೇಳಬೇಕು: ಇಷ್ಟೆಲ್ಲ ಉಪದೇಶಿಸಿದ ಅದೇ ಸಭೆಯಲ್ಲಿ ಕೊನೆಗೆ ಶೈಲಾಕನು ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳುತ್ತಾನೆ, ಧರ್ಮವನ್ನೂ ಬದಲಿಸಬೇಕಾಗುತ್ತದೆ. ಪಠ್ಯಪುಸ್ತಕವು ಭಾಷಣವನ್ನು ಮಾತ್ರ ಕಿತ್ತುಕೊಟ್ಟಿರುವುದರಿಂದ ಅದು ನೀತಿಪದ್ಯದಂತೆ ಕಾಣುತ್ತದೆ. ನಾಟಕದಲ್ಲಿ ಅದು ಅಷ್ಟು ಸರಳವಾಗಿಲ್ಲ.

ಇಷ್ಟು ಓದಿನ ಮಾತಾಯಿತು. ಬರವಣಿಗೆಯ ವಿಷಯದಲ್ಲಿ ನಾವು ಸೂಚಿಸುವುದು ಎರಡು ಹಂತದ ಕ್ರಮ. ಮೊದಲ ಹಂತದಲ್ಲಿ ವಿದ್ಯಾರ್ಥಿ ನೋಟುಪುಸ್ತಕದ ಎಡಪುಟದಲ್ಲಿ ಮನೆಮಾತಿನಲ್ಲಿ ತನ್ನ ಅಭಿಪ್ರಾಯವನ್ನೂ ಅದಕ್ಕೆ ಆಧಾರವಾದ ಪಾಠದ ಸ್ಥಳವನ್ನೂ ಬರೆದುಕೊಳ್ಳಲಿ. ಆಧಾರವನ್ನು ಮಾತ್ರ ಇಂಗ್ಲಿಷಿನಲ್ಲಿಯೇ, ಪುಸ್ತಕದಲ್ಲಿರುವಂತೆಯೇ, ಬರೆದುಕೊಳ್ಳಬೇಕು. ಅನುವಾದಿಸಿದ ಆಧಾರ ಆಧಾರವಾಗದು. ಎರಡನೆಯ ಹಂತದಲ್ಲಿ ಬಲಪುಟದಲ್ಲಿ ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲಿ. ಕನ್ನಡ ವಾಕ್ಯವನ್ನು ಪದಕ್ಕೆ ಪದವಾಗಿ ತಿರುಗಿಸಲು ಹೊರಟರೆ ಕ್ರಿಯಾಪದ ಕೊನೆಗೆ ಸರಿದು ವಾಕ್ಯ ಕುಸಿಯುತ್ತದೆ. ಆದ್ದರಿಂದ ತಿರುಗಿಸಬೇಕಾದದ್ದು ವಾಕ್ಯವನ್ನಲ್ಲ, ಅದರ ಅಭಿಪ್ರಾಯವನ್ನು. ಎಂಟು ಸರಳ ವಾಕ್ಯಗಳಾದರೆ ಸಾಕು. ಗೈಡಿನ ಇಪ್ಪತ್ತು ವಾಕ್ಯಗಳ ಬೆಡಗನ್ನು ನೋಡಿ ಈ ಎಂಟು ವಾಕ್ಯಗಳು ಬಡವಾದವೆಂದು ವಿದ್ಯಾರ್ಥಿ ನಾಚಬಾರದು, ಉಪಾಧ್ಯಾಯರೂ ನಾಚಿಸಬಾರದು.

ಇಂಗ್ಲಿಷ್ ಸಾಹಿತ್ಯವನ್ನು ಕನ್ನಡದ ಮನಸ್ಸಿನಿಂದ ಓದುವುದು ಹಿಂದುಳಿದವರ ಉಪಾಯವೆಂದು ಯಾರಾದರೂ ಭಾವಿಸಿದರೆ, 'ಇಂಗ್ಲಿಷ್ ಗೀತಗಳು' ಹುಟ್ಟಿದ್ದು ಹೇಗೆಂಬುದನ್ನು ಅವರು ನೆನೆಯಬೇಕು. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರು. ಆ ಪದ್ಯಗಳನ್ನು ಓದುವಾಗ ಅವರು ಕನ್ನಡವನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿದ್ದರೆ ಹೊಸಗನ್ನಡ ಕಾವ್ಯ ಬೇರೊಂದು ಹಾದಿ ಹಿಡಿಯುತ್ತಿತ್ತು. ಹತ್ತನೆಯ ತರಗತಿಯ ಪುಸ್ತಕದಲ್ಲಿಯೇ ಇರುವ ವಿ. ಕೃ. ಗೋಕಾಕರೂ ಇಂಗ್ಲಿಷ್ ಅಧ್ಯಾಪಕರೇ, 'ವಿನಾಯಕ'ರೆಂಬ ಹೆಸರಿನ ಕನ್ನಡ ಕವಿಗಳೇ. ಎರಡು ಭಾಷೆಗಳಲ್ಲಿಯೂ ಬರೆದ ಅವರು ಭಾರತಮಾತೆಯೊಡನೆ ಸಂವಾದದ ರೂಪದಲ್ಲಿ ರಚಿಸಿದ ಇಂಗ್ಲಿಷ್ ಕವನವನ್ನು ಓದಿಸುವಾಗ, ಕವಿಯು ಕನ್ನಡದವರೆಂಬುದನ್ನು ಪರಿಚಯದ ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುವುದು ನಷ್ಟ.

ಮೌಲ್ಯಮಾಪನದ ಕಷ್ಟವನ್ನು ನಾವು ಅರಿಯದವರಲ್ಲ. ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ ಇಂಥ ನೋಟುಪುಸ್ತಕಗಳನ್ನು ತಿದ್ದುವುದು ಸುಲಭವಲ್ಲ. ಎಲ್ಲ ದೋಷಗಳನ್ನೂ ತಿದ್ದಬೇಕಾಗಿಲ್ಲವೆಂದು ನಮ್ಮ ಅನುಭವ. ಒಂದು ಸಲ ಕ್ರಿಯಾಪದದ ಕಾಲವನ್ನು ಮಾತ್ರ, ಇನ್ನೊಂದು ಸಲ ಆಧಾರ ಸರಿಯಾಗಿದೆಯೇ ಎಂಬುದನ್ನು ಮಾತ್ರ ನೋಡಿದರೆ ತಿದ್ದುವವರ ಶ್ರಮವೂ ಕಡಿಮೆ, ತಿದ್ದಿಸಿಕೊಂಡವರಿಗೆ ಭಯವೂ ಕಡಿಮೆ. ಅಭಿಪ್ರಾಯಕ್ಕೂ ಆಧಾರಕ್ಕೂ ಒಂದು ಪಾಲು ಅಂಕ, ಭಾಷೆಯ ಶುದ್ಧಿಗೆ ಇನ್ನೊಂದು ಪಾಲು ಎಂದು ಮೊದಲೇ ಹೇಳಿಬಿಟ್ಟರೆ, ವ್ಯಾಕರಣ ಬಾರದ ಮಗುವೂ ಯೋಚಿಸುವ ಸಾಹಸಕ್ಕೆ ಕೈಹಾಕುತ್ತದೆ. ಬರೆದದ್ದು ಸ್ವಂತದ್ದೇ ಎಂಬ ಸಂಶಯ ಬಂದಲ್ಲಿ, ಗದರಿಸುವ ಬದಲು ನೋಟುಪುಸ್ತಕವನ್ನು ಮುಚ್ಚಿಸಿ ಎರಡು ಪ್ರಶ್ನೆ ಕೇಳಬೇಕು: ನೀನು ಹೇಳಿದ ಮಾತಿಗೆ ಪಾಠದಲ್ಲಿ ಆಧಾರ ಎಲ್ಲಿದೆ, ಅದಕ್ಕೆ ವಿರುದ್ಧವಾದ ಸಾಲು ಯಾವುದಾದರೂ ಉಂಟೆ? ಉತ್ತರವನ್ನು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ತೆಲುಗಿನಲ್ಲಿಯೋ ಹೇಳಲು ಬಿಡಬೇಕು. ಓದಿ ಬರೆದವರಿಗೆ ಐದು ನಿಮಿಷ ಸಾಲುವುದಿಲ್ಲ. ನಕಲು ಮಾಡಿದವರು ಮೊದಲ ಪ್ರಶ್ನೆಗೇ ಪುಸ್ತಕದತ್ತ ಕೈ ಚಾಚುತ್ತಾರೆ. ಹಾಗೆ ಚಾಚಿದ ಕೈಗೆ ಪುಸ್ತಕವನ್ನು ಕೊಟ್ಟು, ಅಲ್ಲಿಯೇ ಕುಳಿತು ಹುಡುಕಲು ಹೇಳಬೇಕು.